ಎದೆನೋವು, ಘಟ್ಟದ ರಸ್ತೆ, ತಾಲೂಕು ಆಸ್ಪತ್ರೆ: ಹಾರ್ಟ್ ಬಗ್ಗೆ ನಮ್ಮ ಕಡೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲೇ ಹೇಳ್ಬಿಡ್ತೇನೆ, ನಾನು ಡಾಕ್ಟ್ರಲ್ಲ. ಉತ್ತರ ಕನ್ನಡ ಜಿಲ್ಲೆ ಕುಮಟಾದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಫಾರ್ಮಸಿ ಓದಿದವ. ಕೌಂಟರ್ ಮುಂದೆ ನಿಂತು ಜನ ಹಾರ್ಟ್ ಬಗ್ಗೆ ಕೇಳೋದು ಅದೇ ಹತ್ತು ಹನ್ನೆರಡು ಪ್ರಶ್ನೆ, ಕಾರವಾರದಿಂದ ಫೋನ್ ಬಂದ್ರೂ ಅದೇ, ಶಿರಸಿ ಬದಿ ನೆಂಟರು ಕೇಳಿದ್ರೂ ಅದೇ. ಅಂಗಡಿ ರಶ್ಶಲ್ಲಿ ಎಷ್ಟೋ ಜನಕ್ಕೆ ಅರ್ಧ ಉತ್ರ ಹೇಳಿ ಕಳ್ಸಿದ್ದೂ ಉಂಟು, ಆ ಬೇಜಾರಿಗೇ ಎಲ್ಲಾ ಒಂದೇ ಕಡೆ ಬರ್ದಿಡ್ತಿದ್ದೇನೆ. ಇದನ್ನ ಓದ್ಕೊಂಡು ಯಾವ ಮಾತ್ರೆನೂ ನೀವೇ ಶುರು ಮಾಡ್ಬೇಡಿ, ನೀವೇ ನಿಲ್ಲಿಸ್ಲೂಬೇಡಿ.

ಎದೆನೋವು ಅಂದ್ರೆ ಸೀದಾ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊರಡೋದೇ ಒಳ್ಳೇದಲ್ವಾ? ಇಲ್ಲೆಂತ ಉಂಟು?

ಬೇಡ ಮಾರಾಯ್ರೆ. ಮೊದ್ಲು ಹತ್ರದಲ್ಲಿ ಹೃದಯದ ಮಿಡಿತನ ಕಾಗದದ ಮೇಲೆ ತೆಗ್ಯೋ ಇಸಿಜಿ ಮಷಿನ್ ಎಲ್ಲಿದೆಯೋ ಅಲ್ಲಿಗೆ ಹೋಗಿ, ಹೆಚ್ಚಾಗಿ ಅದು ನಿಮ್ಮ ತಾಲೂಕು ಆಸ್ಪತ್ರೆನೇ ಆಗಿರ್ತದೆ.

ಎಂತಕ್ಕೆ ಅಂದ್ರೆ, ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೇ ರಕ್ತ ಕೊಡೋ ನಾಳದೊಳಗೆ ಹೆಪ್ಪು ಕಟ್ಟಿ ದಾರಿ ಬಂದ್ ಆಗೋದು. ಆ ನಾಳ ನಂಬ್ಕೊಂಡಿದ್ದ ಮಾಂಸಖಂಡ ಅದೇ ನಿಮಿಷಕ್ಕೆ ಸಾಯೋದಿಲ್ಲ, ಗಂಟೆ ಗಂಟೆಗೆ ಸ್ವಲ್ಪ ಸ್ವಲ್ಪ ಸಾಯ್ತಾ ಹೋಗ್ತದೆ, ಒಂದ್ಸಲ ಸತ್ತಿದ್ದು ವಾಪಸ್ ಬರೋದಿಲ್ಲ. ದಾರಿ ತೆಗ್ಯೋಕೆ ಎರಡು ಉಪಾಯ. ಒಂದು, ತೆಳು ಟ್ಯೂಬ್ ನಾಳದೊಳಗೆ ತೂರ್ಸೋ ಕೋಣೆ ಅಂದ್ರೆ ಕ್ಯಾಥ್ ಲ್ಯಾಬ್‌ನಲ್ಲಿ ಬಲೂನ್ ಹಾಕಿ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಕೂರಿಸೋದು. ಇನ್ನೊಂದು, ಹೆಪ್ಪು ಕರಗಿಸೋ ಇಂಜೆಕ್ಷನ್. ಇಸಿಜಿ ಆದ 2 ಗಂಟೆಯೊಳಗೆ ಬಲೂನ್ ಆಗ್ತದೆ ಅಂತಾದ್ರೆ ಅದೇ ಬೆಸ್ಟ್, ಅದರಲ್ಲಿ ಡೌಟೇ ಇಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ: ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿಲೋಮೀಟರು, ಕುಮಟಾದಿಂದ ಮಣಿಪಾಲಕ್ಕೆ ಹತ್ತತ್ರ 140, ಶಿರಸಿಯಿಂದ ಹುಬ್ಬಳ್ಳಿಗೆ ನೂರರ ಆಸುಪಾಸು, ಅದೂ ಶಿರಸಿ ಪೇಟೆಯಿಂದ, ಬನವಾಸಿ ಬದಿ ಹಳ್ಳಿಯಿಂದಲೋ ಸಂತೆಗುಳಿ ಒಳಗಿಂದಲೋ ಹೊರಟವ್ರಿಗೆ ಮೇನ್ ರೋಡಿಗೆ ಬರೋದ್ರಲ್ಲೇ ಮುಕ್ಕಾಲು ಗಂಟೆ ಹೋಯ್ತು. ಅಲ್ಲಿ ಹೋದ್ಮೇಲೂ ಲ್ಯಾಬ್ ರೆಡಿ ಆಗ್ಬೇಕು, ಟೀಮ್ ಬರ್ಬೇಕು. ನಮ್ಮ ಕಡೆಯವ್ರಿಗೆ ಆ 2 ಗಂಟೆ ಲೆಕ್ಕ ಕೂಡೋದೇ ಕಷ್ಟ.

ಹಂಗಾಗಿ ಇಲ್ಲೇ ಇಸಿಜಿ, ಇಲ್ಲೇ ಇಂಜೆಕ್ಷನ್, ಆಮೇಲೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆ. ಇಂಜೆಕ್ಷನ್ ಕೊಟ್ಟು 2ರಿಂದ 24 ಗಂಟೆ ಒಳಗೆ ನಾಳದ ಬ್ಲಾಕ್ ನೋಡೋ ಆಂಜಿಯೋ ಮಾಡ್ಬೇಕು, ಅಂದ್ರೆ ಮಣಿಪಾಲಕ್ಕೆ ಹೋಗೋದು ತಪ್ಪೋದಿಲ್ಲ, ಮೊದ್ಲು ಎಂತ, ಆಮೇಲೆ ಎಂತ ಅನ್ನೋ ಆರ್ಡರ್ ಅಷ್ಟೇ ಬದ್ಲಾಗೋದು. ಆ ಆರ್ಡರಲ್ಲೇ ಜೀವ ಇರೋದು.

ಗ್ಯಾಸೋ ಹಾರ್ಟೋ ಹೆಂಗೆ ಗೊತ್ತಾಗ್ತದೆ?

ನಮ್ಮಪ್ಪನ ವಿಷಯ ಹೇಳ್ತೇನೆ. ಅಡಿಕೆ ಕೊಯ್ಲಿನ ಟೈಮು, ಬೆಳಿಗ್ಗೆ 6ಕ್ಕೆ ಎದೆ ಹಿಂಡ್ದಂಗೆ ಆಗ್ತದೆ ಅಂದ್ರು, ಮೈಯೆಲ್ಲಾ ಬೆವರು. ಹಿಂದಿನ ರಾತ್ರಿ ಮದುವೆ ಮನೆ ಊಟ ಆಗಿತ್ತು, ಎಲ್ರೂ ಸೇರಿ ಗ್ಯಾಸು ಅಂತ ತೀರ್ಮಾನ ಮಾಡಿ ಓಮ, ಜೀರಿಗೆ ಕಷಾಯ ಕುಡಿಸಿದ್ರು. ಆಮೇಲೆ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರೆ ಅಲ್ಲೂ ಗ್ಯಾಸಿಂದೇ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು, ಇಸಿಜಿ ತೆಗೀಲಿಲ್ಲ. ನಾನು ಆಗ ಬೇರೆ ಊರಲ್ಲಿ ಓದ್ತಿದ್ದೆ. ಇಸಿಜಿ ಅಂತ ಆಗಿದ್ದು ಮಧ್ಯಾಹ್ನ 1 ಗಂಟೆ ಮೇಲೆ, 7 ಗಂಟೆ ಕಳ್ದುಹೋಗಿತ್ತು. ಅಪ್ಪ ಉಳಿದ್ರು, ಆದ್ರೆ ಹೃದಯದ ಪಂಪಿಂಗ್ ಅರ್ಧ ಹೋಯ್ತು, ಆಮೇಲಿನ 4 ವರ್ಷ ತೋಟದ ದರೆ ಹತ್ತೋಕಾಗದೆ ಜಗಲಿ ಮೇಲೇ ಕೂತ್ರು. ಆ ಜಗಲಿ ನೋಡ್ದಾಗೆಲ್ಲಾ ನಂಗೆ ಆ 7 ಗಂಟೆನೇ ನೆನಪಾಗ್ತದೆ.

ಅದಕ್ಕೇ ಹೇಳೋದು, ಮನೇಲಿ ಕೂತು ಇದು ಗ್ಯಾಸು ಅಂತ ಹೇಳೋಕೆ ಯಾರಿಗೂ ಆಗೋದಿಲ್ಲ, ನಂಗೂ ಆಗೋದಿಲ್ಲ. ಎದೆ ಮಧ್ಯ ಭಾರ ಇಟ್ಟಂಗೆ, ಹಿಂಡ್ದಂಗೆ, ಎಡಗೈಗೋ ಎರಡೂ ಕೈಗೋ ದವಡೆಗೋ ಬೆನ್ನಿಗೋ ಹರಿಯೋ ನೋವು, ತಣ್ಣನೆ ಬೆವರು, ಉಸಿರು ಕಟ್ಟೋದು, ವಾಂತಿ ಬಂದಂಗಾಗೋದು, ಇದ್ರಲ್ಲಿ ಯಾವುದೇ ಇದ್ರೂ ಇಸಿಜಿ ಆಗ್ಲೇಬೇಕು. ಶುಗರ್ ಇದ್ದವ್ರಿಗೆ, ವಯಸ್ಸಾದವ್ರಿಗೆ, ಹೆಂಗಸ್ರಿಗೆ ಎಷ್ಟೋ ಸಲ ನೋವೇ ಇರೋದಿಲ್ಲ, ಬರೀ ಸುಸ್ತು, ಉಬ್ಬಸ, ಹೊಟ್ಟೆ ಮೇಲ್ಭಾಗ ಸಂಕಟ. ಹೆಂಗಸ್ರು ಇನ್ನೊಂದು ಮಾಡ್ತಾರೆ, ಎಲ್ರಿಗೂ ಬಡಿಸಿ ಪಾತ್ರೆ ತೊಳ್ದು ಆಮೇಲೆ ಹೇಳ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಮತ್ತೆ ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಎದ್ದು ಬರ್ಬೇಡಿ, ನೋವು ಹಾಗೇ ಇದ್ರೆ ಸ್ವಲ್ಪ ಹೊತ್ತಿಗೆ ಇನ್ನೊಂದ್ಸಲ ತೆಗೀಬೇಕು, ಹೃದಯಕ್ಕೆ ಪೆಟ್ಟಾಗಿದ್ಯಾ ಅಂತ ತೋರ್ಸೋ ಟ್ರೋಪೋನಿನ್ ಅಂತ ರಕ್ತ ಪರೀಕ್ಷೆನೂ ಉಂಟು.

ಮನೇಲಿ ಆಸ್ಪಿರಿನ್ ಕೊಡ್ಬಹುದಾ? ನಾಲಿಗೆ ಕೆಳಗೆ ಇಡೋ ಮಾತ್ರೆ?

ಆಸ್ಪಿರಿನ್ 300 ಮಿಲಿಗ್ರಾಂ ಚೀಪೋದಲ್ಲ, ಜಗಿದು ನುಂಗ್ಬೇಕು. ಅದಕ್ಕೆ ಅಲರ್ಜಿ ಇದ್ದವ್ರು, ಹೊಟ್ಟೆ ಹುಣ್ಣಿಂದ ರಕ್ತ ಹೋಗ್ತಿರೋರು, ಬಾಯಿ ಸೊಟ್ಟ ಆಗಿ ಕೈಕಾಲು ಸೋತವ್ರು ತಗೊಳ್ಬಾರ್ದು. 108ಕ್ಕೆ ಫೋನ್ ಮಾಡಿ, ಅವ್ರನ್ನೋ ಡಾಕ್ಟ್ರನ್ನೋ ಕೇಳಿ ಕೊಡಿ. 1988ರಲ್ಲಿ ಐಸಿಸ್-2 ಅಂತ ಒಂದು ದೊಡ್ಡ ಅಧ್ಯಯನ ಪ್ರಕಟ ಆಯ್ತು, 17,187 ರೋಗಿಗಳು. ಆಸ್ಪಿರಿನ್ನೂ ಇಲ್ಲ, ಹೆಪ್ಪು ಕರಗಿಸೋ ಸ್ಟ್ರೆಪ್ಟೋಕೈನೇಸೂ ಇಲ್ಲ ಅಂತಾದವ್ರಲ್ಲಿ 5 ವಾರದೊಳಗೆ ನೂರಕ್ಕೆ 13 ಜನ ಸತ್ರು, ಎರಡೂ ಸಿಕ್ಕವ್ರಲ್ಲಿ 8. ಅದ್ರಲ್ಲಿ ಒಂದು ಔಷಧಿ ನಮ್ಮ ಅಂಗಡೀಲಿ ಚಹಾದ ದುಡ್ಡಿಗಿಂತ ಕಡಿಮೆಗೆ ಒಂದು ಸ್ಟ್ರಿಪ್ಪೇ ಸಿಗ್ತದೆ. ಬಡ ದೇಶದಲ್ಲಿ ಹೃದಯ ಉಳಿಸೋದು ಅಂದ್ರೆ ಎಲ್ಲಾ ಕೋಟಿಗಟ್ಟಲೆ ಮಷಿನ್ನೇ ಅಲ್ಲ ಅಂತ ನಾನು ನಂಬೋದು ಇಂಥದ್ದಕ್ಕೇ.

ನಾಲಿಗೆ ಕೆಳಗಿನ ಮಾತ್ರೆ ನಿಮಗೇ ಅಂತ ಡಾಕ್ಟ್ರು ಬರ್ದುಕೊಟ್ಟಿದ್ರೆ ಮಾತ್ರ. ಪಕ್ಕದ ಮನೆಯವ್ರ ಡಬ್ಬಿಯಿಂದ ತಂದು ಇಡ್ಬೇಡಿ, ಬಿಪಿ ಒಮ್ಮೆಲೇ ಬಿದ್ದುಹೋಗ್ಬಹುದು.

ಆ ಹೆಪ್ಪು ಕರಗಿಸೋ ಇಂಜೆಕ್ಷನ್ ನಿಜ್ವಾಗ್ಲೂ ನಮ್ಮ ಕಡೆ ಸಿಗ್ತದಾ? ತುಂಬಾ ರೇಟಂತೆ?

ಟೆನೆಕ್ಟೆಪ್ಲೇಸ್ ಅಂತ ಹೆಸ್ರು. ತೂಕ ನೋಡಿ ಡೋಸು, ಒಂದೇ ಸಲ ನಾಳಕ್ಕೆ, ಕೆಲವೇ ಸೆಕೆಂಡಲ್ಲಿ ಮುಗೀತು. ಹಳೇ ಸ್ಟ್ರೆಪ್ಟೋಕೈನೇಸ್ ಆದ್ರೆ ಡ್ರಿಪ್ ಹಾಕಿ ಸುಮಾರು ಒಂದು ಗಂಟೆ ಕಾಯ್ಬೇಕು, ಕಡಿಮೆ ರೇಟು, ಅದೂ ಕೆಲಸ ಮಾಡ್ತದೆ. ಟೆನೆಕ್ಟೆಪ್ಲೇಸ್ ಹೊರಗೆ ಹತ್ತಾರು ಸಾವಿರ. ಆದ್ರೆ ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡ್ತು, 2021ರ ಅಕ್ಟೋಬರ್ 29ಕ್ಕೆ ಅಪ್ಪು 46ಕ್ಕೇ ಹೋದ್ರಲ್ಲ, ಅವ್ರ ನೆನಪಿಗೆ. ಅದ್ರಲ್ಲಿ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಇಂಜೆಕ್ಷನ್ ಫ್ರೀ.

ಎಲ್ರಿಗೂ ಕೊಡೋಕಾಗೋದಿಲ್ಲ. ಇಸಿಜಿಯಲ್ಲಿ ಪೂರ್ತಿ ಬ್ಲಾಕ್ ಆದಂಥ ಅಟ್ಯಾಕ್ ಕಾಣ್ಬೇಕು, ನೋವು ಶುರುವಾಗಿ 12 ಗಂಟೆ ಒಳಗಿರ್ಬೇಕು, ಮೊದಲ 2-3 ಗಂಟೆಯಲ್ಲಿ ಬಿದ್ರೆ ಲಾಭ ಜಾಸ್ತಿ. ಹಿಂದೆ ಯಾವಾಗಾದ್ರೂ ಮೆದುಳಲ್ಲಿ ರಕ್ತಸ್ರಾವ ಆಗಿದ್ರೆ, ಇತ್ತೀಚೆಗೆ ಸ್ಟ್ರೋಕ್, ತಲೆಗೆ ಪೆಟ್ಟು, ದೊಡ್ಡ ಆಪರೇಷನ್ ಆಗಿದ್ರೆ, ಎಲ್ಲಿಂದಾದ್ರೂ ರಕ್ತ ಹೋಗ್ತಿದ್ರೆ ಕೊಡೋದಿಲ್ಲ. ನೂರರಲ್ಲಿ ಒಬ್ರಿಗೆ ಹತ್ತತ್ರ ಮೆದುಳಲ್ಲಿ ರಕ್ತಸ್ರಾವ ಆಗೋ ರಿಸ್ಕು ಉಂಟು. ಡಾಕ್ಟ್ರು ಸಹಿ ಕೇಳ್ದಾಗ ಮನೆಯವ್ರು ಹೆದ್ರಿ, ತಮ್ಮನಿಗೆ ಫೋನ್, ಮಾವನಿಗೆ ಫೋನ್, ಬೆಂಗ್ಳೂರಲ್ಲಿರೋ ಮಗನಿಗೆ ಫೋನ್ ಅಂತ ಮುಕ್ಕಾಲು ಗಂಟೆ ಕಳೀತಾರೆ, ನಾನೇ ಕಂಡಿದ್ದೇನೆ. ಆ ಪ್ರಶ್ನೆ ಅಲ್ಲಿ ಬಂದೇ ಬರ್ತದೆ ಅಂತ ಇವತ್ತೇ ಮನೇಲಿ ಮಾತಾಡಿಟ್ಕೊಳ್ಳಿ.

ತಾಲೂಕಲ್ಲಿ ಹಾರ್ಟ್ ಸ್ಪೆಷಲಿಸ್ಟೇ ಇಲ್ಲ, ಇಸಿಜಿ ಓದೋರ್ಯಾರು?

ಇಸಿಜಿ ಒಂದು ಕಾಗದ ಅಷ್ಟೇ, ಅದು ಫೋನಲ್ಲಿ ಹೋಗ್ತದೆ, ರೋಗಿ ಹೋಗ್ಬೇಕಂತಿಲ್ಲ. ಹೃದಯ ಜ್ಯೋತಿ ನಡೆಯೋದೂ ಹೀಗೇ, ಸಣ್ಣ ಆಸ್ಪತ್ರೆಯಿಂದ ಇಸಿಜಿ ಕಂಪ್ಯೂಟರಿಗೆ ಹೋಗ್ತದೆ, ಜಯದೇವದಂಥ ದೊಡ್ಡ ಆಸ್ಪತ್ರೆ ತಜ್ಞರು ನೋಡಿ ಹೇಳ್ತಾರೆ.

ಸರ್ಕಾರಕ್ಕೂ ಮೊದ್ಲೇ ಕರಾವಳೀಲಿ ಇದನ್ನ ಮಾಡಿ ತೋರ್ಸಿದವ್ರು ಮಂಗಳೂರಿನ ಹಾರ್ಟ್ ಸ್ಪೆಷಲಿಸ್ಟ್ ಡಾ. ಪದ್ಮನಾಭ ಕಾಮತ್. ಹಳ್ಳಿ ಡಾಕ್ಟ್ರುಗಳ ವಾಟ್ಸಾಪ್ ಗ್ರೂಪ್ ಮಾಡಿ, ದಾನಿಗಳಿಂದ ಇಸಿಜಿ ಮಷಿನ್ ತರ್ಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಟ್ಟು, ರಾತ್ರಿ ಹಗಲು ಅಂತಿಲ್ದೆ ಫೋಟೋ ನೋಡಿ ಉತ್ರ ಹೇಳೋ ವ್ಯವಸ್ಥೆ. ಮನೆ ಬಾಗಿಲಿಗೆ ಕಾರ್ಡಿಯಾಲಜಿ ಅಂತ ಅದಕ್ಕೆ ಹೆಸ್ರು. ಮೊಬೈಲು ಎಲ್ರ ಹತ್ರನೂ ಇತ್ತು, ವಾಟ್ಸಾಪೂ ಇತ್ತು, ಅದನ್ನ ಹಿಂಗೆ ಬಳಸ್ಬಹುದು ಅಂತ ಹೊಳೆದು ಮಾಡಿದ್ದೇ ದೊಡ್ಡದು. ಅವ್ರ ಮೇಲೆ ನಂಗೆ ತುಂಬಾ ಗೌರವ.

ಬೇರೆ ಕಡೆ ಇದು ನಡೆದಿದ್ಯಾ, ಇಲ್ಲ ಬರೀ ಮಾತಾ?

ತಮಿಳುನಾಡಲ್ಲಿ ಇದೇ ಮಾದರಿ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಹಾಕಿದ್ರು. ಸಣ್ಣ ಆಸ್ಪತ್ರೆಗಳನ್ನ ಒಂದೊಂದು ದೊಡ್ಡ ಆಸ್ಪತ್ರೆಗೆ ಜೋಡಿಸಿ, ಆಂಬುಲೆನ್ಸ್, ಇಸಿಜಿ, ಇಂಜೆಕ್ಷನ್, ಆಮೇಲೆ ಆಂಜಿಯೋ. 2,420 ರೋಗಿಗಳು. ಒಂದು ವರ್ಷದೊಳಗೆ ಸಾಯೋರು ಮೊದ್ಲು ಶೇ. 17.6 ಇದ್ದದ್ದು 14.2ಕ್ಕೆ ಇಳೀತು. ಹೊಸ ಔಷಧಿ ಕಂಡುಹಿಡಿದಿದ್ದಲ್ಲ, ಇದ್ದದ್ದನ್ನೇ ಸರಿಯಾಗಿ ಕೊಂಡಿ ಹಾಕಿದ್ದು.

ಹಾಗಾದ್ರೆ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಡ ಅಂತೀರಾ?

ಖಂಡಿತಾ ಬೇಕು! 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿ ಕರ್ಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ರ ಶಿರೂರು ಟೋಲ್ ಗೇಟಲ್ಲಿ ಪಲ್ಟಿಯಾಗಿ ನಾಲ್ಕು ಜೀವ ಹೋಯ್ತಲ್ಲ, ಆವತ್ತು ಇಡೀ ಜಿಲ್ಲೆ ಎದ್ದು ಆಸ್ಪತ್ರೆ ಬೇಕು ಅಂತ ಕೇಳ್ತು, ನಾನೂ ಕೇಳಿದ್ದೆ, ಈಗ್ಲೂ ಕೇಳ್ತೇನೆ. ರಸ್ತೆ ನಂಬ್ಕೊಂಡು ಕೂರೋ ಹಾಗಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿನೇ ಎಷ್ಟೋ ದಿನ ಬಂದ್, ಅದೇ ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಗೋವಾ ದಾರಿ ಅದೇ. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಎಂತ ಆಗ್ತದೆ ಅಂತ ನಿಮಗೆ ಹೇಳ್ಬೇಕಾ. ಆ ದಿನ ಎದೆನೋವು ಬಂದವ್ರಿಗೆ ಘಟ್ಟದ ಈಚೆನೇ ಎಂತಾದ್ರೂ ಇರ್ಬೇಕು.

ಆದ್ರೆ ಕಟ್ಟಡ ಎದ್ದ ಮಾತ್ರಕ್ಕೆ ಆಗೋದಿಲ್ಲ. ಕ್ಯಾಥ್ ಲ್ಯಾಬ್ ಅಂದ್ರೆ 24 ಗಂಟೆ ಕಾರ್ಡಿಯಾಲಜಿಸ್ಟ್ ಬೇಕು, ಅದೂ ಒಬ್ರಲ್ಲ, ಒಬ್ರು ರಜೆ ಹಾಕಿದ್ರೆ ಇನ್ನೊಬ್ರು. ಟೆಕ್ನಿಷಿಯನ್, ತರಬೇತಾದ ನರ್ಸು, ಐಸಿಯು, ಕರೆಂಟ್ ಹೋದ್ರೆ ಜನರೇಟರ್, ಮಷಿನ್ ಕೆಟ್ರೆ ಬಂದು ರಿಪೇರಿ ಮಾಡೋ ಇಂಜಿನಿಯರ್. 2016ರಲ್ಲಿ ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂತು, ಅದು ದೊಡ್ಡ ಹೆಜ್ಜೆ, ಇಲ್ಲೇ ಓದಿದ ಮಕ್ಳು ಇಲ್ಲೇ ಉಳಿಯೋ ಹಾಗಾದ್ರೆ ಇನ್ನೂ ದೊಡ್ಡದು. ನಾನು ಹೇಳೋದು ಇಷ್ಟೇ, ದೊಡ್ಡ ಆಸ್ಪತ್ರೆಗೆ ಹೋರಾಟ ಮಾಡೋ ಅಷ್ಟೇ ಗಟ್ಟಿಯಾಗಿ ತಾಲೂಕು ಆಸ್ಪತ್ರೆ ಇಸಿಜಿ ಮಷಿನ್ ಸರಿ ಇದ್ಯಾ ಅಂತನೂ ಕೇಳಿ, ಇವತ್ತು ರಾತ್ರಿ ಎದೆನೋವು ಬಂದವ್ರಿಗೆ ಸಿಗೋದು ಅದೇ.

108ಕ್ಕೆ ಕಾಯೋದಾ, ನಮ್ಮ ಕಾರಲ್ಲೇ ಹೋಗೋದಾ?

ಮೊದ್ಲು 108. ಎಷ್ಟು ಹೊತ್ತಿಗೆ ಬರ್ತದೆ ಅಂತ ಕೇಳಿ. ತುಂಬಾ ಲೇಟು ಅಂದ್ರೆ ಸಿಕ್ಕ ಗಾಡಿಯಲ್ಲಿ ಹತ್ರದ ಆಸ್ಪತ್ರೆವರೆಗೆ ಹೋಗಿ, ಆದ್ರೆ ರೋಗಿನೇ ಬೈಕ್ ಬಿಡ್ಕೊಂಡು ಹೋಗೋದು ಬೇಡ, ಅಂಗಳದಿಂದ ರಸ್ತೆವರೆಗೆ ನಡೆಸ್ಕೊಂಡೂ ಹೋಗ್ಬೇಡಿ, ಕುರ್ಚಿ ಮೇಲೆ ಕೂರ್ಸಿ ನಾಲ್ಕು ಜನ ಎತ್ತಿ. ಮುಂದಿನ ಊರಿಗೆ ರೆಫರ್ ಆದ್ಮೇಲೆ ಮಾತ್ರ ಆಂಬುಲೆನ್ಸೇ ಬೇಕು, ದಾರೀಲಿ ಹೃದಯ ಲಯ ತಪ್ಪಿದ್ರೆ ಶಾಕ್ ಕೊಡೋ ಮಷಿನ್ ಇರೋ ಗಾಡಿ.

ಪ್ರಜ್ಞೆ ತಪ್ಪಿ ಬಿದ್ರೆ?

ಕರೆದ್ರೆ ಓಗೊಡೋದಿಲ್ಲ, ಉಸಿರು ಸರಿ ಇಲ್ಲ ಅಂದ್ರೆ ನೀರು ಹಾಕ್ತಾ ಕೂರ್ಬೇಡಿ. ಎದೆ ಮಧ್ಯ ಎರಡೂ ಕೈ ಒಂದರ ಮೇಲೊಂದು ಇಟ್ಟು ಜೋರಾಗಿ ಒತ್ತಿ, 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸ್ಬೇಡಿ, ಕೈ ಸೋತ್ರೆ ಇನ್ನೊಬ್ರು ಒತ್ತಲಿ. ಬೋಟಲ್ಲಿ ಕೆಲ್ಸ ಮಾಡೋ ಹುಡುಗ್ರು ಇದನ್ನ ಕಲ್ತಿರ್ಲೇಬೇಕು, ಸಮುದ್ರದ ಮೇಲೆ ಯಾವ 108ಊ ಬರೋದಿಲ್ಲ.

ದುಡ್ಡಿಗೆ ಎಂತ ಮಾಡೋದು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡ್ಸಿಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವ್ರಿಗೆ ಖರ್ಚಿನ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಇಲ್ದಿದ್ರೆ ಸರ್ಕಾರಿ ಆಸ್ಪತ್ರೆ ರೆಫರಲ್ ಬೇಕು, ಹಾರ್ಟ್ ಅಟ್ಯಾಕಿಗೆ ಆ ಕಾಗದ ಕಾಯೋದು ಬೇಡ. ಸ್ಟೆಂಟ್ ರೇಟಿಗೂ 2017ರ ಫೆಬ್ರವರಿಯಲ್ಲಿ ಕೇಂದ್ರ ಮಿತಿ ಹಾಕ್ತು, ಅದಕ್ಕೂ ಮೊದ್ಲು ಲಕ್ಷ ದಾಟ್ತಿದ್ದ ಔಷಧಿ ಲೇಪದ ಸ್ಟೆಂಟಿಗೆ 30 ಸಾವಿರದ ಒಳಗೆ ಅಂತ. ಆಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗ್ತಾ ಇರ್ತದೆ, ಬಿಲ್ಲಲ್ಲಿ ಸ್ಟೆಂಟಿನ ರೇಟು ಬೇರೆಯಾಗಿ ತೋರ್ಸಿ ಅಂತ ಕೇಳಿ.

ಬಿಪಿ ನಾರ್ಮಲ್ ಆಯ್ತಲ್ಲ, ಇನ್ನು ಗುಳಿಗೆ ಎಂತಕ್ಕೆ?

ಈ ಪ್ರಶ್ನೆ ನಂಗೆ ದಿನಕ್ಕೆ ಕಮ್ಮಿ ಅಂದ್ರೂ ಮೂರು ಸಲ ಬರ್ತದೆ. ನಾರ್ಮಲ್ ಆಗಿದ್ದು ಗುಳಿಗೆಯಿಂದ್ಲೇ. ಬಿಟ್ರೆ ಮತ್ತೆ ಏರ್ತದೆ, ಏರಿದ್ದು ಗೊತ್ತೂ ಆಗೋದಿಲ್ಲ.

ನನ್ನ ಪುಸ್ತಕ ತೆಗೆದು ನೋಡಿದ್ರೆ ಕತೆ ಕಾಣ್ತದೆ: ಸ್ಟೆಂಟ್ ಹಾಕಿಸ್ಕೊಂಡು ಬಂದವ್ರು ಮೊದಲ ತಿಂಗಳು ಎಲ್ಲಾ ಮಾತ್ರೆ ತಗೊಳ್ತಾರೆ, ಮೂರನೇ ತಿಂಗಳಿಗೆ ಕೊಲೆಸ್ಟ್ರಾಲಿಂದು ಬಿಡ್ತಾರೆ, ಆರನೇ ತಿಂಗಳಿಗೆ ಮುಖನೇ ಕಾಣೋದಿಲ್ಲ. ಮೀನುಗಾರಿಕೆ ಬಂದ್ ಇರೋ ಜೂನ್, ಜುಲೈನಲ್ಲಿ ಇನ್ನೂ ಜಾಸ್ತಿ, ಕೈಯಲ್ಲಿ ದುಡ್ಡಿರೋದಿಲ್ಲ, ಮೊದ್ಲು ಕಟ್ ಆಗೋದು ಔಷಧಿ. ಇದು ನಮ್ಮೂರಿನದೊಂದೇ ಅಲ್ಲ. ಪ್ಯೂರ್ ಅಂತ 17 ದೇಶದಲ್ಲಿ ಮಾಡಿದ ಅಧ್ಯಯನ, ನಮ್ಮ ದೇಶದವ್ರೂ ಇದ್ರು, 2011ರಲ್ಲಿ ಬಂತು. ಈಗಾಗ್ಲೇ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆದವ್ರಲ್ಲಿ, ಕಡಿಮೆ ಆದಾಯದ ದೇಶಗಳಲ್ಲಿ ಶೇ. 80 ಜನ ಬೇಕಾದ ಮಾತ್ರೆಗಳಲ್ಲಿ ಒಂದನ್ನೂ ತಗೊಳ್ತಿರ್ಲಿಲ್ಲ, ಶ್ರೀಮಂತ ದೇಶಗಳಲ್ಲಿ ಅದು ಶೇ. 11. ನಂಗೆ ಆ ಸಂಖ್ಯೆ ಓದಿ ಆಶ್ಚರ್ಯ ಆಗ್ಲಿಲ್ಲ, ಸಂಕಟ ಆಯ್ತು, ಯಾಕಂದ್ರೆ ಅವ್ರಲ್ಲಿ ಎಷ್ಟೋ ಜನ ನನ್ನ ಕೌಂಟರಿಗೆ ಬಂದು ಹೋದವ್ರ ಥರದವ್ರೇ.

ಉಪಾಯ ಇಲ್ಲ ಅಂತಲ್ಲ. ಜನೌಷಧಿ ಅಂಗಡೀಲಿ ಅದೇ ಔಷಧಿ ಬ್ರ್ಯಾಂಡಿಗಿಂತ ಎಷ್ಟೋ ಕಡಿಮೆ, ನನ್ನ ವ್ಯಾಪಾರಕ್ಕೆ ಪೆಟ್ಟಾದ್ರೂ ಹೇಳ್ತೇನೆ, ದುಡ್ಡಿಲ್ಲ ಅಂತ ಬಿಡೋ ಬದ್ಲು ಅಲ್ಲಿಂದ ತಗೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಫ್ರೀ, ಒಂದು ತಿಂಗಳಿಂದು ಒಟ್ಟಿಗೇ ಕೊಡಿ ಅಂತ ಕೇಳಿ, ವಾರ ವಾರ ಬಸ್ ಚಾರ್ಜ್ ಕೊಟ್ಟು ಯಾರು ಬರ್ತಾರೆ. ಹಾರ್ಟಿನ ಹಲವು ಔಷಧಿ ಒಂದೇ ಗುಳಿಗೇಲಿ ಸೇರ್ಸಿದ ಪಾಲಿಪಿಲ್‌ನ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿ ಪಟ್ಟಿಗೆ ಸೇರಿಸ್ತು. ದಿನಕ್ಕೆ ಐದು ಗುಳಿಗೆ ಎಣಿಸೋ ಅಜ್ಜನಿಗೆ ಒಂದೇ ಅಂತಾದ್ರೆ ಎಷ್ಟು ಸುಲಭ, ನಿಮಗೆ ಹೊಂದ್ತದಾ ಅಂತ ಡಾಕ್ಟ್ರನ್ನ ಕೇಳಿ.

ಉಪ್ಪಿನಕಾಯಿ, ಒಣಮೀನು, ಕವಳ ಎಲ್ಲಾ ಬಿಡ್ಬೇಕಾ?

ಕವಳ ಅಂದ್ರೆ ಎಲೆ ಅಡಿಕೆಯಲ್ಲಿ ತಂಬಾಕು ಇದ್ರೆ ಅದನ್ನ ಬಿಡ್ಬೇಕು, ಇದ್ರಲ್ಲಿ ರಾಜಿ ಇಲ್ಲ. ಬೀಡಿ ಸಿಗರೇಟ್ ಅಲ್ಲ ಅಂತ ಸಮಾಧಾನ ಮಾಡ್ಕೊಳ್ತಾರೆ, ಆದ್ರೆ 52 ದೇಶದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಜಗಿಯೋ ತಂಬಾಕಿಗೂ ಹಾರ್ಟ್ ಅಟ್ಯಾಕ್ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಕಂಡಿದೆ.

ಉಪ್ಪು ದಿನಕ್ಕೆ ಒಬ್ರಿಗೆ 5 ಗ್ರಾಂ, ಒಂದು ಟೀ ಚಮಚದಷ್ಟು, ಪಲ್ಯ, ಸಾರು, ಹಪ್ಪಳ, ಅಪ್ಪೆಮಿಡಿ ಎಲ್ಲಾ ಸೇರಿ. ನಮ್ಮ ಕಡೆ ಗದ್ದೆಯಲ್ಲಿ ತೆಗ್ಯೋ ಸಾಣಿಕಟ್ಟಾದ ಉಪ್ಪಾದ್ರೆ ಬಿಪಿಗೆ ಏನೂ ಆಗೋದಿಲ್ಲ ಅಂತ ಕೆಲವ್ರು ಹೇಳ್ತಾರೆ, ಅದೂ ಬಿಪಿ ಏರಿಸೋ ಸೋಡಿಯಮ್ಮೇ. ಚೀನಾದಲ್ಲಿ 600 ಹಳ್ಳೀಲಿ ಕಾಲು ಭಾಗ ಪೊಟ್ಯಾಸಿಯಂ ಬೆರೆಸಿದ ಉಪ್ಪು ಕೊಟ್ಟು ನೋಡಿದ್ರು, 2021ರಲ್ಲಿ ಬಂದ ಫಲಿತಾಂಶದಲ್ಲಿ ಸ್ಟ್ರೋಕ್ ಶೇ. 14 ಕಡಿಮೆ. ಆದ್ರೆ ಕಿಡ್ನಿ ತೊಂದ್ರೆ ಇದ್ದವ್ರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಆ ಉಪ್ಪು ಅಪಾಯ, ಕೇಳ್ದೆ ತರ್ಬೇಡಿ.

ಮಗೂಗೆ ಕೀಲುನೋವು, ಡಾಕ್ಟ್ರು ಹಾರ್ಟ್ ಸ್ಕ್ಯಾನ್ ಬರ್ದಿದ್ದಾರೆ, ಎಂತ ಸಂಬಂಧ?

ಇದನ್ನ ಕೇಳೋರು ಕಡಿಮೆ, ಆದ್ರೆ ಕೇಳ್ಬೇಕಾದ್ದು ಇದೇ. ಒಂದು ಜಾತಿ ಗಂಟಲು ಸೋಂಕು, ಸ್ಟ್ರೆಪ್ಟೋಕಾಕಸ್, ಸರಿಯಾಗಿ ವಾಸಿ ಮಾಡದೆ ಬಿಟ್ರೆ ಕೆಲವು ಮಕ್ಳಿಗೆ ಎರಡು ಮೂರು ವಾರದ ಮೇಲೆ ಜ್ವರ, ಒಂದು ಕೀಲಿಂದ ಇನ್ನೊಂದಕ್ಕೆ ಹಾರೋ ಊತ ಬರ್ತದೆ. ಕೀಲು ತಾನಾಗೇ ಸರಿ ಆಗ್ತದೆ, ಹೃದಯದ ಕವಾಟ ಹಾಗಲ್ಲ, ಗಾಯ ಉಳೀತದೆ. ಸಣ್ಣ ಮನೇಲಿ ಹತ್ತು ಜನ ಮಲಗೋ ಕಡೆ, ಔಷಧಿ ದೂರ ಇರೋ ಕಡೆ ಈ ರುಮ್ಯಾಟಿಕ್ ಕಾಯಿಲೆ ಜಾಸ್ತಿ, ಅದಕ್ಕೇ ಇದನ್ನ ಬಡವರ ಹೃದಯ ರೋಗ ಅನ್ನೋದು. ಎಷ್ಟೋ ಹುಡುಗಿಯರಿಗೆ ಗೊತ್ತಾಗೋದೇ ಬಸುರಿ ಆದಾಗ, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ಮೇಲೆ.

ಇದಕ್ಕೆ ಔಷಧಿ ಹಳೇ ಪೆನ್ಸಿಲಿನ್, 3-4 ವಾರಕ್ಕೊಂದು ಇಂಜೆಕ್ಷನ್, ವರ್ಷಗಟ್ಟಲೆ. ಉಗಾಂಡಾದಲ್ಲಿ 818 ಮಕ್ಳ ಮೇಲೆ ನೋಡಿದ್ರು, ಸ್ಕ್ಯಾನಲ್ಲಿ ಮಾತ್ರ ಕಾಣೋ ಅಷ್ಟು ಶುರುವಾತಿನ ಕಾಯಿಲೆ. 2 ವರ್ಷ ಇಂಜೆಕ್ಷನ್ ತಗೊಂಡವ್ರಲ್ಲಿ ಕಾಯಿಲೆ ಮುಂದೆ ಹೋಗಿದ್ದು ಶೇ. 0.8, ತಗೊಳ್ದವ್ರಲ್ಲಿ 8.2. ಇಂಜೆಕ್ಷನ್ ನೋವು ಜಾಸ್ತಿ, ಮಗು ಅಳ್ತದೆ, ಶಾಲೆ ತಪ್ತದೆ ಅಂತ ತಾಯಂದ್ರು ಬಿಟ್ಬಿಡ್ತಾರೆ, ದಯವಿಟ್ಟು ಬಿಡ್ಬೇಡಿ. ಕವಾಟ ಪೂರ್ತಿ ಹೋದ್ರೆ ಬದಲಿ ಕವಾಟದ ಆಪರೇಷನ್ನು, ಅದ್ರಲ್ಲೂ ನಮ್ಮ ದೇಶದ್ದೇ ಉಂಟು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮಾಡಿದ ಚಿತ್ರಾ ಕವಾಟ, 1990ರಿಂದ ಹಾಕ್ತಿದ್ದಾರೆ. ಆದ್ರೆ ಲೋಹದ ಕವಾಟ ಹಾಕಿದ್ಮೇಲೆ ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಜೋಯಿಡಾ ಕಾಡಿನೊಳಗಿನ ಹುಡುಗಿಗೆ ಆ ಪರೀಕ್ಷೆಗೆ ಒಂದು ದಿನದ ಕೂಲಿನೂ ಹೋಗ್ತದೆ, ಬಸ್ಸಿನ ದುಡ್ಡೂ ಹೋಗ್ತದೆ. ಗಂಟಲು ನೋವಲ್ಲೇ ಹಿಡೀಬೇಕು ಅನ್ನೋದು ಅದಕ್ಕೇ.

ಮನೇಲಿ ಎಂತ ರೆಡಿ ಇಟ್ಕೊಂಡಿರ್ಬೇಕು?

ಒಂದು ಕಾಗದ, ದೇವರ ಕೋಣೆ ಬಾಗಿಲಿಗೋ ಫ್ರಿಜ್ಜಿಗೋ ಅಂಟಿಸಿ: ತಗೊಳ್ಳೋ ಮಾತ್ರೆಗಳ ಹೆಸ್ರು, ಯಾವ ಔಷಧಿ ಆಗೋದಿಲ್ಲ, ಹಿಂದೆ ಆದ ಆಪರೇಷನ್, ರಾತ್ರಿ ಎಷ್ಟೊತ್ತಿಗೆ ಕರೆದ್ರೂ ಗಾಡಿ ತರೋ ಇಬ್ರ ನಂಬರ್. ನಿಮ್ಮ ತಾಲೂಕು ಆಸ್ಪತ್ರೇಲಿ ರಾತ್ರಿ ಇಸಿಜಿ ತೆಗೀತಾರಾ, ಇಂಜೆಕ್ಷನ್ ಸ್ಟಾಕ್ ಉಂಟಾ ಅಂತ ಹುಷಾರಾಗಿದ್ದಾಗ್ಲೇ ಹೋಗಿ ಕೇಳ್ಕೊಂಡು ಬನ್ನಿ, ಇಲ್ಲ ಅಂದ್ರೆ ಊರಿನವ್ರೆಲ್ಲಾ ಸೇರಿ ಅರ್ಜಿ ಕೊಡಿ. ಮತ್ತೆ ಹಳೇ ಇಸಿಜಿ ಇದ್ರೆ ಎಸೀಬೇಡಿ, ಹೊಸದ್ರ ಪಕ್ಕ ಇಟ್ಟು ನೋಡಿದ್ರೆ ಡಾಕ್ಟ್ರಿಗೆ ಎಷ್ಟೋ ಗೊತ್ತಾಗ್ತದೆ. ಅದು ಥರ್ಮಲ್ ಪೇಪರ್, ಬಸ್ ಟಿಕೆಟ್ ಥರ ದಿನ ಹೋದಂಗೆ ಅಕ್ಷರ ಮಾಸಿ ಹೋಗ್ತದೆ, ಹಾಗಾಗಿ ಇವತ್ತೇ ಫೋಟೋ ಹೊಡ್ಕೊಂಡು ಮನೇಲಿ ಇಬ್ರ ಮೊಬೈಲಲ್ಲಿ ಇಟ್ಕೊಳ್ಳಿ.